ಸೂರ್ಯಕಾಂತಿ ಎಣ್ಣೆ ಮತ್ತು ನನ್ನ ನಾಲಗೆಯ ಸಾಕ್ಷಿ

ಭೂಪಟದಲ್ಲಿ ಯುಕ್ರೇನ್ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನಾಚಿಕೆ ಇರುವುದು ಮುಂದಿನ ಮಾತಿಗೆ. ರಷ್ಯಾದ ಟ್ಯಾಂಕುಗಳು ಗಡಿ ದಾಟಿದ ಮರುದಿನವೇ ನಾನು ದಹಿಸರ್‌ನಿಂದ ಅಂಧೇರಿಗೆ ಬರುವ ಲೋಕಲಿನಲ್ಲಿ, ಮೇಲಿನ ಹಿಡಿಕೆಗೆ ಜೋತುಬಿದ್ದು, ಆ ಎರಡು ದೇಶಗಳ ಸಾವಿರ ವರ್ಷದ ಸಂಬಂಧದ ಮೇಲೆ ಭಾಷಣ ಮಾಡಿದೆ. ಕಾಂದಿವಲಿಯಲ್ಲಿ ಶುರುವಾದ ಯುದ್ಧವನ್ನು ಗೋರೆಗಾಂವ್ ಬರುವಷ್ಟರಲ್ಲಿ ನಿಲ್ಲಿಸಿಯೂ ಬಿಟ್ಟಿದ್ದೆ. ಯಾರೂ ಎದುರಾಡಲಿಲ್ಲ. ಎದುರಾಡಲು ಉಸಿರು ಬೇಕು. ಬೆಳಗಿನ ಗಾಡಿಯಲ್ಲಿ ಅದಕ್ಕೂ ಜಾಗವಿರುವುದಿಲ್ಲ.

ಯುದ್ಧ ನಿಜವಾಗಿ ನನ್ನ ಹತ್ತಿರ ಬಂದದ್ದು ಕೆಲವು ವಾರಗಳ ನಂತರ, ಗೋಳಿಬಜೆಯ ದಾರಿಯಲ್ಲಿ. ಅಂಧೇರಿ ಸ್ಟೇಷನ್ನಿನ ಹೊರಗೆ ಸುಧಾಕರಣ್ಣನ ಉಡುಪಿ ಹೋಟೆಲಿದೆ. ಹದಿನೆಂಟು ವರ್ಷಗಳಿಂದ ಸಂಜೆ ನಾಲ್ಕಕ್ಕೆ ಅಲ್ಲಿ ನನಗೆ ಒಂದು ಪ್ಲೇಟು ಗೋಳಿಬಜೆ. ಅಂದು ಹೋದಾಗ ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಮಾರ್ಚ್ ತಿಂಗಳಲ್ಲಿ ಮುಂಬಯಿಗೆ ಎಲ್ಲಿಯ ಮಳೆ? ನೆನಪು ಹೀಗೆಯೇ. ಕರಿದ ತಿಂಡಿ ಕಂಡರೆ ಸಾಕು, ಪಕ್ಕದಲ್ಲಿ ಮಳೆ ತಂದು ನಿಲ್ಲಿಸುತ್ತದೆ.

ಮಳೆ ಇರಲಿಲ್ಲ. ಜಗಳ ಇತ್ತು. ಸೂರ್ಯಕಾಂತಿ ಎಣ್ಣೆ ಬರುತ್ತಿದ್ದದ್ದು ಯುಕ್ರೇನಿನಿಂದ. ಹಡಗುಗಳು ನಿಂತುಹೋಗಿ ಸುಧಾಕರಣ್ಣನ ಬಳಿ ಉಳಿದಿದ್ದದ್ದು ಒಂದೇ ಡಬ್ಬ. ಡಬ್ಬದ ಮೇಲಿನ ಹಳದಿ ಹೂವು ಗದಗಿನ ಕಡೆಯದೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಇನ್ನು ತಾಳೆ ಎಣ್ಣೆ ಎಂದು ಸುಧಾಕರಣ್ಣ ತೀರ್ಮಾನಿಸಿದ್ದ. ಹೋಟೆಲು ತೆರೆದ ದಿನದಿಂದ ಒಲೆಯ ಮುಂದೆ ನಿಂತಿರುವ ಪದ್ಮನಾಭ ಭಟ್ಟರು ಹಾಗಾದರೆ ತಾನು ಹೊರಟೆ ಎಂದಿದ್ದರು. ಕುರ್ಲಾದ ಒಂದು ಕ್ಯಾಂಟೀನಿನಿಂದ ಕರೆ ಬಂದಿತ್ತಂತೆ.

"ಗಿರಾಕಿಗೆ ಎಂತ ಗೊತ್ತಾಗ್ತದೆ ಭಟ್ರೇ?" ಎಂದ ಸುಧಾಕರಣ್ಣ.

"ಗೊತ್ತಾಗ್ತದೆ ಧನಿಗಳೇ. ಬೇಕಾದ್ರೆ ರಾಯರನ್ನು ಕೇಳಿ. ಇವರು ಗುರುತು ಹಿಡಿದ್ರೆ ತಾಳೆ ಬೇಡ, ಹಿಡಿಯದಿದ್ರೆ ನಾನು ಇವತ್ತೇ ಗಂಟು ಕಟ್ತೇನೆ."

ರಾಯರು ಎಂದರೆ ನಾನು. ಭಟ್ಟರಿಗೆ ನನ್ನ ನಾಲಗೆ ಬೇಕಾದದ್ದಕ್ಕೆ ಕಾರಣವಿತ್ತು. ಅವರು ತಾವು ಮಾಡಿದ ಗೋಳಿಬಜೆಯನ್ನು ಬಾಯಿಗೆ ಹಾಕಿದವರೇ ಅಲ್ಲ. ಅಡುಗೆ ಮಾಡುವವನು ಒಲೆಯ ಮುಂದೆ ರುಚಿ ನೋಡಬಾರದು, ಮೊದಲ ತಟ್ಟೆ ಗಲ್ಲಾಪೆಟ್ಟಿಗೆಯ ಮೇಲಿನ ಕೃಷ್ಣನ ಪಟಕ್ಕೆ, ಆಮೇಲೆ ಗಿರಾಕಿಗೆ. ಅವರದು ವಾಸನೆ ಮತ್ತು ಸದ್ದಿನ ಲೆಕ್ಕ. ದಿನವಿಡೀ ಎಣ್ಣೆಯ ಹೊಗೆ ಕುಡಿದವರಿಗೆ ಕೊನೆಯಲ್ಲಿ ಬೇಕಾಗುವುದು ಮಜ್ಜಿಗೆ ಅನ್ನ.

ಹಿಟ್ಟು ಒಂದೇ, ಭಟ್ಟರು ಕಲಸಿದ್ದು, ಬಾಣಲೆ ಎರಡು. ತಾಳೆ ಎಣ್ಣೆಯ ಬಾಣಲೆಗೆ ಭಟ್ಟರು ಕೈ ಹಾಕದ ಕಾರಣ ಸುಧಾಕರಣ್ಣನೇ ತೋಳು ಮಡಚಿ ನಿಂತ. ದೇವರ ಪಾಲು ಆದ ಮೇಲೆ ನನ್ನ ಮುಂದೆ ಎರಡು ತಟ್ಟೆ ಬಂದವು. ಎಲ್ಲೋ ಜನ ನೆಲಮಾಳಿಗೆಗಳಲ್ಲಿ ಮಕ್ಕಳನ್ನು ಅಪ್ಪಿಕೊಂಡು ಕೂತಿರುವಾಗ ನಾನು ಆ ಯುದ್ಧದ ಹೆಸರಿನಲ್ಲಿ ಬಜೆ ತಿನ್ನಲು ಕೂತೆ. ಎಡಗಡೆಯದನ್ನು ಕಚ್ಚಿದೆ. ಬಲಗಡೆಯದನ್ನು ಕಚ್ಚಿದೆ. ಮತ್ತೆ ಎಡ. ಕಣ್ಣು ಮುಚ್ಚಿದೆ. ನಾನು ಈ ಹೋಟೆಲಿಗೆ ಮೊದಲು ಕಾಲಿಟ್ಟ ದಿನ ಹಾಗೇ ಎದ್ದುಬಂತು: ಆ ಬೆಂಚು, ಆ ಬಿಸಿ, ಆ ಮಳೆ.

"ಇದು ಸೂರ್ಯಕಾಂತಿ," ಎಂದು ಎಡಗಡೆಗೆ ಕೈ ತೋರಿಸಿದೆ. "ಮೊದಲ ದಿನ ತಿಂದ ರುಚಿಯೇ ಇದು. ಮರೆಯುವುದುಂಟೇ?"

ಸುಧಾಕರಣ್ಣ ಮೇಜು ತಟ್ಟಿ ನಕ್ಕ. "ಅದು ನನ್ನದು ಮಾರಾಯ್ರೇ, ತಾಳೆ!"

ಭಟ್ಟರು ನಗಲಿಲ್ಲ. "ಇನ್ನೊಂದು ಉಂಟು ರಾಯರೇ," ಎಂದರು ಮೆಲ್ಲನೆ. "ನೀವು ಮೊದಲ ದಿನ ಬಂದಾಗ ಇಲ್ಲಿ ಕರೀತಿದ್ದದ್ದು ಕಡ್ಲೆಕಾಯಿ ಎಣ್ಣೆಯಲ್ಲಿ. ಸೂರ್ಯಕಾಂತಿ ಬಂದದ್ದು ಆಮೇಲೆ."

ಹಾಗಾದರೆ ನಾನು ಹದಿನೆಂಟು ವರ್ಷ ಕಾಪಾಡಿಕೊಂಡು ಬಂದದ್ದು ಯಾವ ರುಚಿ? ಮೊದಲಿನಿಂದಲೂ ಹೀಗೇ ಇತ್ತು, ಮೊದಲಿನಿಂದಲೂ ಇದು ನಮ್ಮದೇ ಆಗಿತ್ತು ಎಂದು ಗಡಿ ದಾಟುವವರು ಹೇಳುವುದೂ ಹೀಗೆಯೇ ಇರಬೇಕು. ಕಣ್ಣು ಮುಚ್ಚಿ, ಪೂರ್ತಿ ನಂಬಿ. ಅವರ ಬಳಿ ಟ್ಯಾಂಕು ಇದೆ, ನನ್ನ ಬಳಿ ತಟ್ಟೆ. ನನ್ನ ತಟ್ಟೆಯಿಂದಲೂ ಒಬ್ಬ ಮನುಷ್ಯನ ಕೆಲಸ ಹೋಗುವ ಹಾಗಾಗಿತ್ತು.

ಭಟ್ಟರು ಹೆಗಲ ಮೇಲಿನ ಬೈರಾಸು ಕೊಡವಿ ಒಳಗೆ ಹೊರಟರು. ಗಂಟು ಕಟ್ಟಲಿಕ್ಕೇ. ಸುಧಾಕರಣ್ಣನ ನಗು ಅರ್ಧಕ್ಕೆ ನಿಂತಿತು. "ಭಟ್ರೇ, ನಾನು ತಮಾಷೆಗೆ..." ಎಂದ. ಅವರು ಬಾಗಿಲ ತನಕ ಹೋಗಿ ಹಿಂದೆ ಬಂದರು. "ಹೇಗೂ ಇನ್ನು ನಾನು ಇಲ್ಲಿಯವನಲ್ಲ," ಎಂದು ಎಡಗಡೆಯ ತಟ್ಟೆಯಿಂದ ಒಂದನ್ನು ತೆಗೆದು, ನಿಂತಲ್ಲೇ, ಜೀವಮಾನದಲ್ಲಿ ಮೊದಲ ಬಾರಿ, ತಮ್ಮ ಗೋಳಿಬಜೆ ತಿಂದರು. ಬಲಗಡೆಯದನ್ನೂ ತಿಂದರು. ನಿಧಾನವಾಗಿ ಅಗಿದರು.

"ಉಪ್ಪು ಕಮ್ಮಿ," ಎಂದರು.

ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು.

"ಯಾವಾಗ್ಲೂ ಇಷ್ಟೇ ಹಾಕ್ತಿದ್ದದ್ದು. ಇಷ್ಟು ವರ್ಷ ಒಬ್ಬನೂ ಹೇಳ್ಲಿಲ್ವಲ್ಲ!"

ನಾನು ಯಾವಾಗಲೂ ಚಟ್ನಿಯಲ್ಲಿ ಅದ್ದಿ ತಿನ್ನುವವನು.

"ಇದನ್ನು ಸರಿ ಮಾಡದೆ ಹೋದ್ರೆ ನನಗೆ ಕುರ್ಲಾದಲ್ಲಿ ನಿದ್ದೆ ಬರ್ಲಿಕ್ಕಿಲ್ಲ," ಎಂದು ಗೊಣಗುತ್ತ ಭಟ್ಟರು ಒಳಗೆ ಹೋಗಿ ಹಿಟ್ಟಿನ ಪಾತ್ರೆ ಎಳೆದುಕೊಂಡರು. ಆ ಸರಿ ಮಾಡುವ ಕೆಲಸ ಇನ್ನೂ ಮುಗಿದಿಲ್ಲ. ಕುರ್ಲಾದವರು ಬೇರೆ ಯಾರನ್ನೋ ಇಟ್ಟುಕೊಂಡರಂತೆ.

ಮರುದಿನ ಲೋಕಲಿನಲ್ಲಿ ಒಬ್ಬರು, "ಹೇಳಿ ಸಾಬ್, ಆ ಸಾವಿರ ವರ್ಷದಲ್ಲಿ ಮುಂದೇನಾಯ್ತು?" ಎಂದು ಕೇಳಿದರು. ಅಂಧೇರಿ ಬಂತು ಎಂದು ಇಳಿದೆ. ಬಂದದ್ದು ಇನ್ನೂ ಬೋರಿವಲಿ, ದಹಿಸರ್‌ನಿಂದ ಒಂದೇ ಸ್ಟೇಷನ್ನು.

ಅಂದು ಸಂಜೆ ತಾಳೆ ಎಣ್ಣೆಯ, ಹೊಸ ಉಪ್ಪಿನ ಗೋಳಿಬಜೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಭಟ್ಟರು ನಿಂತಿದ್ದರು. "ಹೇಗುಂಟು ರಾಯರೇ?"

ಥೇಟ್ ಮೊದಲಿನ ಹಾಗೇ ಎಂಬ ಮಾತು ತುದಿನಾಲಗೆಗೆ ಬಂದಿತ್ತು. ಬಜೆಯ ಜೊತೆ ಅದನ್ನೂ ನುಂಗಿದೆ.

"ಬಿಸಿ ಇದೆ," ಎಂದೆ.