ಬಸ್ಸಿಳಿದು ಬರುವ ಪರಮಾಣು ಪಾಠ

ಭಾನುವಾರ. ಕಾಮಗೆರೆಯ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಕ್ಯಾನುಗಳ ಪಕ್ಕ ನಿಂತಿರುವ ಮಾಲಿನಿ, ಹಳೇ ಸೀರೆಯಲ್ಲಿ ಸುತ್ತಿದ ಎರಡು ಕನ್ನಡಿಗಳ ಚೀಲವನ್ನು ಎದೆಗವುಚಿಕೊಂಡಿದ್ದಾರೆ. ಬಸ್ ನಿಲ್ಲುತ್ತಲೇ ಕಂಡಕ್ಟರ್ ನಾಗರಾಜು ನಗುತ್ತಾರೆ. "ಬನ್ನಿ ಮೇಡಂ, ಇವತ್ತು ಯಾವೂರ್ಗೆ ಸವಾರಿ?"

"ರಾಮಾಪುರದ ಕಡೆ. ಹಳ್ಳ ಬಂದಾಗ ಒಸಿ ಮೆಲ್ಲಗೆ ಓಡ್ಸಕ್ಕೆ ಹೇಳಿ, ಪುಣ್ಯ ಬರ್ತದೆ."

ಮಾಲಿನಿ ಹನೂರಿನ ಖಾಸಗಿ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮೈಸೂರಿನಲ್ಲಿ ಎಂ.ಎಸ್ಸಿ ಮುಗಿಸಿ, ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಕನ್ನಡಿಗಳ ನಡುವೆ ಬೆಳಕನ್ನು ಕೂಡಿಹಾಕುವ ಕೆಲಸಕ್ಕೆ ಸಹಾಯಕಿಯಾಗಿದ್ದವರು. ಯೋಜನೆ ನಿಂತಿತು, ಕೆಲಸವೂ ಹೋಯಿತು. "ಊರಿಗೆ ಬಂದು ಒಂದು ವಾರ ಯಾರ ಹತ್ರಾನೂ ಮಾತಾಡ್ಲಿಲ್ಲ. ಆಮೇಲೆ ನಮ್ಮತ್ತೆ ಪಕ್ಕ ಕೂತು, 'ಅಲ್ಲೇನ್ ಮಾಡ್ತಿದ್ಯವ್ವಾ, ನಂಗೂ ಒಸಿ ಯೋಳು' ಅಂದ್ರು. ನನ್ನ ಮೊದಲನೇ ಕ್ಲಾಸು ನಡೆದಿದ್ದು ಅಡುಗೆಮನೇಲಿ!"

ಅತ್ತೆ ಸುವರ್ಣಮ್ಮನವರಿಗೆ ಅಂದು ಹೇಳಿದ್ದನ್ನೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ನನಗೂ ಹೇಳುತ್ತಾರೆ. "ಪರಮಾಣು ಒಂದು ಕಣ ಬೆಳಕು ಬಿಟ್ರೆ ಅದು ಓಡೋಗುತ್ತೆ, ವಾಪಸ್ ಬರಲ್ಲ. ಎರಡೂ ಕಡೆ ತುಂಬಾ ನಯವಾದ ಕನ್ನಡಿಗಳನ್ನ ಆ ಬೆಳಕಿಗೆ ಹೊಂದೋ ದೂರದಲ್ಲಿ ಇಟ್ರೆ, ಅಲ್ಲೇ ಓಡಾಡ್ತಾ ಇರುತ್ತೆ. ಪರಮಾಣು ಅದನ್ನ ಮತ್ತೆ ತಗೊಳ್ಳುತ್ತೆ, ಮತ್ತೆ ಕೊಡುತ್ತೆ." ಅಂದು ಇದನ್ನು ಕೇಳಿದ ಸುವರ್ಣಮ್ಮ, "ನಾನೂ ಪಕ್ಕದ್ಮನೆ ಶಿವರತ್ನಮ್ಮನೂ ಒಂದೇ ಬಟ್ಲ ಆಕಡೆ ಈಕಡೆ ಕೊಟ್ಕಂಡಂಗೆ" ಎಂದರಂತೆ. ಹೇಳುತ್ತಾ ಮಾಲಿನಿ ಜೋರಾಗಿ ನಗುತ್ತಾರೆ.

ಕೆಲ ವರ್ಷಗಳ ಹಿಂದೆ ಕಾಲೇಜಿನ ಆಡಳಿತ ಮಂಡಳಿ ಒಂದು ಮಾತು ಹೇಳಿತು: ಈ ಸಲ ಹತ್ತು ಮಕ್ಕಳಾದರೂ ಸೇರದಿದ್ದರೆ ವಿಜ್ಞಾನ ವಿಭಾಗಕ್ಕೆ ಬೀಗ. ಬೀಗ ಬಿದ್ದರೆ ಮಾಲಿನಿ ಮತ್ತೆ ಮನೆಯಲ್ಲಿ. ಕಾಡಂಚಿನ ಹೆಣ್ಣುಮಕ್ಕಳಿಗೆ ವಿಜ್ಞಾನ ಓದುವ ಜಾಗವೂ ದೂರ. "ಕರಪತ್ರ ಹಂಚೋದು ನಂಗೆ ಬರಲ್ಲ. ಬರೋದು ಪಾಠ. ಅದನ್ನೇ ಹೊತ್ಕೊಂಡು ಊರೂರಿಗೆ ಹೊರಟೆ."

ಗೋಪಿನಾಥಂ ಎಂಬ ಹಳ್ಳಿಗೆ ಹೋದ ದಿನ ಮಾತ್ರ ಅವರಿಗೆ ಮರೆಯುವುದಿಲ್ಲ. ತಿರುವುಗಳಲ್ಲಿ ಬಸ್ ಎತ್ತಿ ಹಾಕಿದ ರಭಸಕ್ಕೆ ಕನ್ನಡಿಗಳೆರಡೂ ಚೂರು. ಅಲ್ಲಿ ತೆಪ್ಪದಲ್ಲಿ ಮೀನು ಹಿಡಿಯುವ ಶಿವನಂಜಯ್ಯನವರ ಜಗಲಿಯಲ್ಲಿ ಜನ ಆಗಲೇ ಸೇರಿದ್ದರು. ಅವರ ಮಗಳು ದೀಪ ಆಗಷ್ಟೇ ಹತ್ತನೇ ತರಗತಿ ಪಾಸಾಗಿದ್ದಳು. ಅಪ್ಪ ಅವಳನ್ನು ಹೊಲಿಗೆ ಕಲಿಯಲು ಕಳಿಸುವವರಿದ್ದರು. "ಸೈನ್ಸು ಕಷ್ಟ ಕಣ್ ಮೇಡಂ. ಫೇಲಾಗ್ಬುಟ್ರೆ ನಮ್ ಎಣ್ಣು ಅತ್ಕಂಡು ಕೂತ್ಕತದೆ" ಎಂದರು.

"ಚೀಲ ಬಿಚ್ಚಿದಾಗ ನಂಗೇ ಅಳು ಬಂತು. ಆಮೇಲೆ ಮೂಲೇಲಿದ್ದ ತೆಂಗಿನಕಾಯಿ ಕಂಡ್ವು." ಜಗಲಿಯ ಎರಡು ಕಂಬಗಳ ನಡುವೆ ಸಡಿಲವಾಗಿ ಹಗ್ಗ ಕಟ್ಟಿದರು. ಅದರಿಂದ ಎರಡು ಕಾಯಿಗಳನ್ನು ದಾರದಲ್ಲಿ ಇಳಿಬಿಟ್ಟರು. ಒಂದು ಪರಮಾಣು, ಇನ್ನೊಂದು ಕನ್ನಡಿಗಳ ನಡುವಿನ ಬೆಳಕು ಎಂದು ಹೇಳಿ ಮೊದಲನೆಯದನ್ನು ತೂಗಿದರು. ಎರಡನೆಯದು ಅಲ್ಲಾಡಿದಂತೆ ಮಾಡಿ ಸುಮ್ಮನಾಯಿತು. ಜನ ಮುಸಿಮುಸಿ ನಕ್ಕರು.

"ಯಾಕೆ ಆಗ್ಲಿಲ್ಲ, ಯಾರಾದ್ರೂ ಹೇಳ್ತೀರಾ?" ಎಂದು ಮಾಲಿನಿ ಕೇಳಿದರು. ಬಾಗಿಲ ಬಳಿಯಿಂದ ದೀಪ ಎದ್ದಳು. "ಮೇಡಂ, ಒಂದ್ರ ದಾರ ಉದ್ದ, ಒಂದ್ರದು ಗಿಡ್ಡ. ಎರಡೂ ಒಂದೇ ಸಮ ತೂಗ್ತಾ ಇಲ್ಲ."

ಅವಳೇ ದಾರಗಳನ್ನು ಸರಿಮಾಡಿ ಕಟ್ಟಿದಳು. ಈ ಸಲ ಮೊದಲ ಕಾಯಿಯ ಓಲಾಟ ಮೆಲ್ಲಗೆ ಕಡಿಮೆಯಾಗುತ್ತ, ಎರಡನೆಯದರ ಓಲಾಟ ಏರುತ್ತ ಬಂತು. ಮೊದಲನೆಯದು ಪೂರ್ತಿ ನಿಂತಿತು. ಮರುಕ್ಷಣ ಮತ್ತೆ ತಾನೇ ತೂಗತೊಡಗಿತು. "ಯಾರೂ ಮುಟ್ನಿಲ್ವಲ್ಲಾ!" ಎನ್ನುತ್ತ ಶಿವನಂಜಯ್ಯ ಎದ್ದು ಬಂದು ಎರಡರ ನಡುವೆ ಕೈಯಾಡಿಸಿ ನೋಡಿದರು. "ಯಾವಾಗ್ಲೂ ಇಂಗೇ ಕೊಟ್ಕಂಡಿರ್ತವಾ ಮೇಡಂ?"

"ಇಲ್ಲ ಅಣ್ಣಾ. ಕಾಯಿ ನಿಧಾನಕ್ಕೆ ನಿಲ್ತವೆ. ಕನ್ನಡಿಯಲ್ಲೂ ಬೆಳಕು ಚೂರುಚೂರೇ ಸೋರುತ್ತೆ. ಸೋರೋ ಮುಂಚೆ ಎಷ್ಟು ಸಲ ಕೊಟ್ಟು ತಗೊಳ್ತವೆ ಅನ್ನೋದನ್ನೇ ದೊಡ್ಡ ದೊಡ್ಡೋರು ನೋಡ್ತಾ ಕೂತವ್ರೆ."

ಶಿವನಂಜಯ್ಯ ಮಗಳತ್ತ ತಿರುಗಿದರು. "ನಿಂಗೆ ಇದು ತಿಳೀತದಾ?" ಅವಳು ಹೌದೆಂದು ತಲೆಯಾಡಿಸಿದಳು. "ಸರಿ, ಅನೂರ್ಗೆ ಓಗು. ಬಟ್ಟೆ ಒಲ್ಯೋರು ಬ್ಯಾರೆ ಇದ್ದಾರೆ."

ಆ ಜೂನ್‌ನಲ್ಲಿ ಹನ್ನೆರಡು ಮಕ್ಕಳು ಸೇರಿದರು. ಬೀಗದ ಮಾತು ಅಲ್ಲಿಗೆ ನಿಂತಿತು. ಮಾಲಿನಿಯವರ ಕೆಲಸ ಇನ್ನೂ ಕಾಯಂ ಆಗಿಲ್ಲ, ಆದರೆ ಭಾನುವಾರದ ತಿರುಗಾಟ ಕಾಯಂ ಆಗಿದೆ. ದೀಪ ಈಗ ಕೊಳ್ಳೇಗಾಲದಲ್ಲಿ ಬಿ.ಎಸ್ಸಿ ಓದುತ್ತಿದ್ದಾಳೆ.

"ಮೊನ್ನೆ ಫೋನ್ ಮಾಡಿದ್ಲು," ಎನ್ನುತ್ತಾರೆ ಮಾಲಿನಿ. "'ಬೆಳಕೇ ಇಲ್ಲದ ಖಾಲಿ ಜಾಗಾನೂ ಪರಮಾಣುನ ಸುಮ್ನೆ ಬಿಡಲ್ವಂತೆ, ಬೆಳಕು ಕೊಡು ಅಂತ ತಳ್ತಾನೇ ಇರುತ್ತಂತೆ, ನೀವು ಹೇಳೇ ಇಲ್ಲ ಮೇಡಂ' ಅಂತ ಜಗಳ! ಹೌದು, ಹೇಳಿರ್ಲಿಲ್ಲ. ನನ್ನದೊಂದೇ ಆಸೆ ಕಣ್ರೀ. ಒಂದಿನ ಯಾವ್ದಾದ್ರೂ ಊರಲ್ಲಿ ಅವಳು ಪಾಠ ಮಾಡ್ಬೇಕು, ನಾನು ಜನರ ಮಧ್ಯೆ ಕೂತು ಕೇಳ್ಬೇಕು."