ಸುಣ್ಣ ಹಚ್ಚಿಸಿಕೊಂಡ ಕಾಲು

ಸಿದ್ದಾಪುರಕ್ಕೆ ಬಂದ ಮೊದಲ ವಾರವೇ ಬಾಡಿಗೆ ಮನೆಯ ಒಡತಿ ಗಂಗಕ್ಕ ಹೇಳದೆ ಕೇಳದೆ ನನ್ನ ಎಡಗಾಲಿಗೆ ಸುಣ್ಣ ಹಚ್ಚಿದರು. ಉರಿ ತಾಳದೆ ಕಾಲು ಎಳೆದುಕೊಂಡೆ. "ಉಂಬಳ ಕಚ್ಚಿದ್ದು ಕೂಸೆ, ಹೆದ್ರಡ" ಎಂದರು. ಉಂಬಳವೆಂದರೆ ಇಲ್ಲಿ ಮಳೆಗಾಲದಲ್ಲಿ ಕಾಲಿಗೆ ಅಂಟಿ ರಕ್ತ ಹೀರುವ ಹುಳು. ಎಲೆಅಡಿಕೆ ಕವಳದ ತಟ್ಟೆಯ ಸುಣ್ಣ ತಾಗಿಸಿದರೆ ಉದುರುತ್ತದೆಯಂತೆ. ಆದರೆ ಅವರು ಸುಣ್ಣ ಹಚ್ಚಿದ್ದು ನನ್ನದೇ ರಕ್ತನಾಳದ ಗಂಟಿಗೆ.

ಆ ಕಾಲಿನ ನಾಳಗಳು ಹುಟ್ಟಿನಿಂದಲೇ ದಾರಿ ತಪ್ಪಿ ಬೆಳೆದಿವೆ. ತೊಡೆಯಿಂದ ಪಾದದವರೆಗೆ ನೇರಳೆ ಮಚ್ಚೆ, ಅಲ್ಲಲ್ಲಿ ಕಪ್ಪು ಗಂಟು. ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾಲನ್ನು ಇಲ್ಲಿ ಹೊಸದಾಗಿ ಪರಿಚಯಿಸಬೇಕಾಯಿತು. ಶಾಲೆಯಲ್ಲಿ ಕಲಿಸುವ ನನಗೆ ವರ್ಗಾವಣೆಯೂ ಚೊಚ್ಚಲ ಬಸುರೂ ಜೋಡಿಯಾಗಿ ಬಂದಿದ್ದವು.

ಹುಬ್ಬಳ್ಳಿಯ ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಇಂಥ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಬಹುದು. ಗರ್ಭಕೋಶದ ಸುತ್ತಲೂ ಇಂಥ ನಾಳಗಳಿದ್ದರೆ ಹೆರಿಗೆಯಲ್ಲಿ ರಕ್ತ ನಿಲ್ಲದಿರಬಹುದು. ಹೆದರಿದೆ, ಸುಳ್ಳೇಕೆ. ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೆ ಅಂಥ ನಾಳಗಳಿಲ್ಲದೆ ಎಲ್ಲ ಚೊಕ್ಕವಾಗಿ ಕಂಡಿತು. ಕಾಲಿಗೆ ಬಿಗಿಯಾದ ಕಾಲುಚೀಲ, ರಕ್ತ ಹೆಪ್ಪುಗಟ್ಟದಂತೆ ದಿನಾ ಹೊಟ್ಟೆಗೊಂದು ಇಂಜೆಕ್ಷನ್. ನಾನೇ ಚುಚ್ಚಿಕೊಳ್ಳಲು ಕಲಿತೆ. ಆ ಔಷಧಿಯಿದ್ದಾಗ ಉಂಬಳ ನಿಜಕ್ಕೂ ಕಚ್ಚಿದರೆ ರಕ್ತ ಬೇಗ ನಿಲ್ಲದೆಂದು ತಿಳಿದದ್ದೇ ತಡ, ಗಂಗಕ್ಕ ಅಂಗಳದ ಹುಲ್ಲನ್ನೆಲ್ಲ ಕೆರೆಸಿಹಾಕಿದರು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. "ಮಂದಿ ಏನಂದಾರು? ಕರಕೊಂಡು ಹೋಗಾಕ ಬರ್ತೀನಿ" ಎಂದು ಅವ್ವ ಫೋನಿನಲ್ಲಿ ಹಟ ಹಿಡಿದಳು.

"ನನ್ನ ಕಾಲು ಬಲ್ಲ ಡಾಕ್ಟರು ಹುಬ್ಬಳ್ಳ್ಯಾಗ ಅದಾರ. ಅವರನ್ನ ಬಿಟ್ಟು ಬರಂಗಿಲ್ಲವ್ವ. ತವರನ್ನ ನೀನ ಹೊತ್ಕೊಂಡು ಬಾ" ಎಂದೆ.

ಹೊತ್ತುಕೊಂಡೇ ಬಂದಳು, ಜೋಳದ ಹಿಟ್ಟಿನ ಸಮೇತ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿದೆವು. ವೈದ್ಯರು ಇಂಜೆಕ್ಷನ್ ನಿಲ್ಲಿಸುವ ಹೊತ್ತನ್ನು ಮೊದಲೇ ಗೊತ್ತುಮಾಡಿ, ರಕ್ತ ತರಿಸಿ ಇಟ್ಟುಕೊಂಡಿದ್ದರು. ಅದು ಬೇಕಾಗಲಿಲ್ಲ. ಮಗಳು ಗಟ್ಟಿಯಾಗಿ ಅಳುತ್ತ ಬಂದಳು.

ಸಿದ್ದಾಪುರಕ್ಕೆ ಮರಳಿದ ಮೇಲೆ ಅವ್ವ ಬಾಣಂತಿಯ ಮೈ ತಿಕ್ಕಲು ಎಣ್ಣೆ ಕಾಯಿಸಿದಳು. ಕಾಲಿನಲ್ಲಿ ಹೆಪ್ಪೇನಾದರೂ ಇದ್ದರೆ ತಿಕ್ಕಿದಾಗ ಜಾರೀತೆಂದು ವೈದ್ಯರು ಎಚ್ಚರಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಬಟ್ಟಲು ಸರಿಸಿದರು.

"ಆ ಕಾಲು ತಿಕ್ಕಡಿ."

"ನನ್ನ ಮಗಳ ಕಾಲು ನನಗ ಗೊತ್ತಿಲ್ಲೇನ್ರಿ?"

"ಕಾಲು ಗೊತ್ತಿದ್ದು, ಆದ್ರೆ ಈಗ ಅದು ಬಾಣಂತಿ ಕಾಲು. ಆನು ಸುಣ್ಣ ಹಚ್ಚಿ ಬುದ್ಧಿ ಕಲ್ತಿದ್ದೆ."

ಅವ್ವ ಎಣ್ಣೆಯನ್ನು ನನ್ನ ನೆತ್ತಿಗೆ ತಟ್ಟಿದಳು. ಆಮೇಲೆ ಇಬ್ಬರೂ ಸೇರಿ ಮಗುವಿಗೆ ಎರೆದರು.

ಅವ್ವ ಊರಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲೇ ನನಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಬಾಣಂತನ ಮುಗಿಸಿ ಮಗಳು ತವರಿನಿಂದ ಹೊರಡುವಾಗ ತುಂಬುವ ಉಡಿ ಅದು. ತುಂಬಿದವಳು ಬಸ್ ಹತ್ತಿ ಹೋದಳು. ಹೊರಡಬೇಕಾದ ನಾನು ಸೆರಗು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಮನೆಗೆ ಹೋಪನ ಕೂಸೆ" ಎಂದರು, ನನ್ನ ಮಗಳನ್ನು ಎತ್ತಿಕೊಂಡಿದ್ದ ಗಂಗಕ್ಕ. ಯಾವ ಮನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ.