ಗಾಜಿನ ಕೋಣೆಯ ದನಿ

ಸಿದ್ಧ ಉಡುಪಿನ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಸೂಪರ್‌ವೈಸರ್ ಹುದ್ದೆ ಅವಳಿಗೇ ಎಂದು ಎಲ್ಲರೂ ನಂಬಿದ್ದಾಗ, ಅವಳೇ ಕೈಹಿಡಿದು ಕೆಲಸ ಕಲಿಸಿದ ಹುಡುಗಿಗೆ ಅದು ಸಿಕ್ಕಿತು. ದೊಡ್ಡಕ್ಕ ನಗುನಗುತ್ತಲೇ ಅವಳ ಬೆನ್ನು ತಟ್ಟಿದಳು.

ಮರುದಿನದಿಂದ ಸೂಪರ್‌ವೈಸರ್‌ನ ಗಾಜಿನ ಕೋಣೆಯಿಂದ ದೊಡ್ಡಕ್ಕನಿಗೆ ತನ್ನದೇ ಮಾತು ಕೇಳತೊಡಗಿತು.

"ಕಾಲರ್ ನೆಟ್ಟಗಿಲ್ಲ, ಬಿಚ್ಚಿ ಹೊಲಿ ತಾಯಿ."

ಅದೇ ರಾಗ, ಕೊನೆಗೆ ಅದೇ ಸಣ್ಣ ಕೆಮ್ಮು. ಹುಡುಗಿ ಕೆಲಸದ ಜೊತೆಗೆ ಅದನ್ನೂ ಕಲಿತಿದ್ದಳು.

ಒಂದು ಸಂಜೆ ಅಡುಗೆಮನೆಯಿಂದ ಮಗಳನ್ನು ಕೂಗಿದಾಗ, ಕಾರ್ಖಾನೆಯ ಆ ಹುಡುಗಿಯೇ ಬೆನ್ನ ಹಿಂದೆ ನಿಂತು ಕರೆದಂತಾಗಿ ದೊಡ್ಡಕ್ಕ ಬೆಚ್ಚಿಬಿದ್ದಳು. ಆಮೇಲೆ ಮಾತು ಕಡಿಮೆಯಾಯಿತು.

"ಯಾಕಮ್ಮ, ಈಚೆಗೆ ಬರೀ ಪಿಸುಗುಡ್ತೀಯ?" ಎಂದಳು ಮಗಳು.

"ಗಂಟಲು ಸರಿಯಿಲ್ಲ ಪುಟ್ಟಿ."

ಗಂಟಲಿಗೆ ಏನೂ ಆಗಿರಲಿಲ್ಲ. ದನಿ ಏರಿಸಲು ಅವಳಿಗೆ ಹೆದರಿಕೆಯಾಗುತ್ತಿತ್ತು.